ಇಂಗ್ಲಿಷ್ ಮೇಷ್ಟ್ರಿಗೆ ಪಾಠ ಹೇಳಿದವರು ಯಾರು?

ಇವತ್ತಿನ ಪ್ರಶ್ನೆ ಚಿಕ್ಕದು. ಆರು, ಏಳು, ಎಂಟನೇ ಕ್ಲಾಸಿನಲ್ಲಿ ನಿಮಗೆ ಇಂಗ್ಲಿಷ್ ಕಲಿಸಿದವರು ಇದ್ದಾರಲ್ಲ, ಅದನ್ನು ಹೇಗೆ ಕಲಿಸಬೇಕು ಅಂತ ಅವರಿಗೆ ಯಾರು ಹೇಳಿಕೊಟ್ಟರು?

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ನಮ್ಮ ಮೇಷ್ಟ್ರು ಒಂದು ಸಾಲು ಓದೋರು, ಕನ್ನಡದಲ್ಲಿ ಅರ್ಥ ಹೇಳೋರು, ಕೊನೆಗೆ ಪ್ರಶ್ನೋತ್ತರವನ್ನು ಬೋರ್ಡ್ ಮೇಲೆ ಬರೆಯೋರು. ನಾವು ಬಾಯಿಪಾಠ ಮಾಡ್ತಿದ್ವಿ. ‘ಮೇಷ್ಟ್ರಿಗೇ ಇಂಗ್ಲಿಷ್ ಬರಲ್ಲ’ ಅಂತ ನಗೋದು ಸುಲಭ. ಆದರೆ ಅವರ ತರಬೇತಿಯ ಇತಿಹಾಸ ನೋಡಿದರೆ ಆ ನಗು ಅಷ್ಟು ಸಲೀಸಾಗಿ ಬರೋದಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಕಥೆಯಿಂದ ಶುರು ಮಾಡೋಣ. ಇಂಗ್ಲಿಷ್ ಬೋಧನೆಯನ್ನೇ ಒಂದು ಶಾಸ್ತ್ರವಾಗಿ ಕಲಿಸೋಕೆ 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಇವತ್ತಿನ ಇಫ್ಲು ವಿಶ್ವವಿದ್ಯಾಲಯ ಅದೇ. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ಯಾರು ಗೊತ್ತಾ? ನಮ್ಮ ವಿ.ಕೃ. ಗೋಕಾಕ್. ಹೌದು, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಅದೇ ಗೋಕಾಕ್. ಆ ವರದಿ ಜಾರಿಯಾಗಲಿ ಅಂತ ಡಾ. ರಾಜ್‌ಕುಮಾರ್ ಬೀದಿಗಿಳಿದಿದ್ದು ನಮಗೆಲ್ಲ ನೆನಪಿದೆ. ಅದರ ಹಿಂದಿದ್ದವರು ದೇಶದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುತ್ತಿದ್ದವರು ಅನ್ನೋದು ಮರೆತುಹೋಗಿದೆ. ಕನ್ನಡ ಬೇಕು ಅನ್ನೋದಕ್ಕೂ ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು ಅನ್ನೋದಕ್ಕೂ ಅವರಿಗೆ ಜಗಳವಿರಲಿಲ್ಲ.

ಈಗ ಪಕ್ಕದ ಮದ್ರಾಸಿಗೆ ಬನ್ನಿ. 1960ರ ಸುಮಾರಿಗೆ ಅಲ್ಲಿ ಒಂದು ದೊಡ್ಡ ಸಾಹಸ ನಡೆಯಿತು. ಸುಮಾರು 27,000 ಪ್ರಾಥಮಿಕ ಶಿಕ್ಷಕರಿಗೆ ಮರುತರಬೇತಿ! ಮೊದಲು ಕೆಲವರಿಗೆ ಕಲಿಸೋದು, ಅವರು ಇನ್ನಷ್ಟು ಜನರಿಗೆ, ಆ ಜನ ಮತ್ತಷ್ಟು ಮಂದಿಗೆ. ಹಿಮದ ಉಂಡೆ ಉರುಳುತ್ತಾ ದಪ್ಪ ಆಗೋ ಹಾಗೆ. ಅದಕ್ಕೇ ಅದಕ್ಕೆ ‘ಮದ್ರಾಸ್ ಸ್ನೋಬಾಲ್’ ಅನ್ನೋ ಹೆಸರು ಬಂತು.

ಆಗ ಚಾಲ್ತಿಯಲ್ಲಿದ್ದದ್ದು ಸ್ಟ್ರಕ್ಚರಲ್ ವಿಧಾನ. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿಟ್ಟು, ಒಂದೊಂದನ್ನೇ ತೋರಿಸಿ, ಹೇಳಿಸಿ, ಮತ್ತೆ ಹೇಳಿಸೋದು. ಪುಸ್ತಕ ಎತ್ತಿ ಹಿಡಿದು ‘ದಿಸ್ ಈಸ್ ಎ ಬುಕ್’. ಇದರಲ್ಲಿ ಒಂದು ಜಾಣತನ ಇತ್ತು: ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಪಾಠ ನಡೆಯುತ್ತೆ. ಮಾತು ಮೊದಲೇ ಬರೆದಿಟ್ಟಿರುತ್ತೆ. ತೊಂದರೆಯೂ ಅಲ್ಲೇ. ಬರೆದಿಟ್ಟ ಮಾತು ಮುಗಿದ ಮೇಲೆ ಏನು? ಜೊತೆಗೆ ಬಾಯಿಂದ ಬಾಯಿಗೆ ಇಳಿಯುವ ತರಬೇತಿ ಕೆಳಗೆ ಬರುತ್ತಾ ಬರುತ್ತಾ ನೀರು ಬೆರೆಸಿದ ಮಜ್ಜಿಗೆ ಆಗುತ್ತೆ.

1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಜ್ಞಾನಭಾರತಿ ಕಡೆ ಓಡಾಡೋರು ಅದರ ಬೋರ್ಡ್ ನೋಡಿರ್ತೀರಿ. 1979ರಲ್ಲಿ ಈ ಸಂಸ್ಥೆಯ ನೆರವಿನೊಂದಿಗೆ ಎನ್.ಎಸ್. ಪ್ರಭು ಅನ್ನೋರು ಒಂದು ಪ್ರಯೋಗಕ್ಕೆ ಕೈ ಹಾಕಿದರು. ಅವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ವ್ಯಾಕರಣದ ಪಟ್ಟಿ ಬೇಡ, ಅಚ್ಚು ವಾಕ್ಯಗಳೂ ಬೇಡ ಅಂದರು. ಮಕ್ಕಳಿಗೆ ರೈಲಿನ ವೇಳಾಪಟ್ಟಿ ಕೊಡಿ, ನಕ್ಷೆ ಕೊಡಿ. ‘ಇಷ್ಟು ಗಂಟೆಯೊಳಗೆ ಆ ಊರು ತಲುಪಬೇಕಾದರೆ ಯಾವ ರೈಲು ಹತ್ತಬೇಕು?’ ಅಂತ ಇಂಗ್ಲಿಷಿನಲ್ಲಿ ಕೇಳಿ. ತಲೆ ಲೆಕ್ಕದಲ್ಲಿರಲಿ, ಭಾಷೆ ಹಿಂದಿನಿಂದ ತಾನಾಗಿ ಬರುತ್ತೆ. 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದು ನಡೆಯಿತು. ಇದನ್ನೇ ಪ್ರಪಂಚ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅನ್ನುತ್ತೆ. 1987ರಲ್ಲಿ ಪ್ರಭು ಇದರ ಬಗ್ಗೆ ಪುಸ್ತಕ ಬರೆದರು. ಟಾಸ್ಕ್ ಕೊಟ್ಟು ಭಾಷೆ ಕಲಿಸುವ ವಿಧಾನದ ಬಗ್ಗೆ ಎಲ್ಲೇ ಓದಿದರೂ ನಮ್ಮೂರಿನ ಈ ಹೆಸರು ಎದುರಾಗುತ್ತೆ.

ಹಾಗಾದರೆ ಅದು ನಮ್ಮ ಶಾಲೆಗಳಿಗೆಲ್ಲ ಯಾಕೆ ಹಬ್ಬಲಿಲ್ಲ? ಕಾರಣಗಳು ಹಲವು, ಪರೀಕ್ಷೆಯ ಸ್ವರೂಪವೂ ಅದರಲ್ಲಿ ಒಂದು. ನನಗೆ ದೊಡ್ಡದಾಗಿ ಕಾಣೋದು ಇನ್ನೊಂದು. ಇಲ್ಲಿ ಮೇಷ್ಟ್ರ ಕೈಯಲ್ಲಿ ಬರೆದಿಟ್ಟ ಮಾತಿಲ್ಲ. ಮಗು ಏನಾದರೂ ಕೇಳಬಹುದು, ಆ ಕ್ಷಣಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಯೋಜನೆಯಲ್ಲಿ ಪಾಠ ಮಾಡಿದವರಲ್ಲಿ ಹೆಚ್ಚಿನವರು ನುರಿತ ತರಬೇತುದಾರರು. ಸಾಮಾನ್ಯ ಶಾಲಾ ಶಿಕ್ಷಕರಿಗೆ ಇದು ಸುಲಭಕ್ಕೆ ಒಗ್ಗಲಿಲ್ಲ ಅಂತ ಯೋಜನೆಯ ಮೌಲ್ಯಮಾಪನ ಮಾಡಿದ ಅಲನ್ ಬೆರೆಟಾ 1990ರಲ್ಲಿ ಬರೆದರು.

ನನ್ನ ಮಾತು ಇಷ್ಟೇ. ಅರವತ್ತು ವರ್ಷದಿಂದ ನಾವು ವಿಧಾನ ಬದಲಾಯಿಸುತ್ತಾ ಬಂದೆವು, ಮೇಷ್ಟ್ರ ಸ್ವಂತ ಇಂಗ್ಲಿಷನ್ನು ಮಾತ್ರ ಅವರವರ ಪಾಡಿಗೆ ಬಿಟ್ಟೆವು. ಬಿ.ಎಡ್. ಓದ್ತಿರೋರಿಗೆ ಗೊತ್ತು. ವಿಷಯವನ್ನು ಡಿಗ್ರಿಯಲ್ಲೇ ಕಲಿತು ಬಂದಿದ್ದೀರಿ ಅಂತ ನಂಬಿ, ಕೋರ್ಸು ಬೋಧನಾ ವಿಧಾನ, ಪಾಠಯೋಜನೆ, ಮನಶ್ಶಾಸ್ತ್ರ ಕಲಿಸುತ್ತೆ. ಡಿಗ್ರಿಯಲ್ಲಿ ನೋಟ್ಸ್ ಓದಿ ಪಾಸಾದ ಹುಡುಗಿ ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡೋದನ್ನು ಎಲ್ಲಿ ಕಲಿಯಬೇಕು?

ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ‘ಭಾಷೆಗಳಿಗೆ’ ಒಬ್ಬರು ಇರಲೇಬೇಕು ಅನ್ನುತ್ತೆ. ಎಲ್ಲ ಭಾಷೆಗೂ ಸೇರಿ ಕನಿಷ್ಠ ಒಬ್ಬರು! ಅದಕ್ಕೂ ಮೊದಲೇ, 2007-08ರಿಂದ, ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದಿದೆ. ಆರನೇ ಕ್ಲಾಸಿಗೆ ಬರೋ ಮಗು ಐದು ವರ್ಷ ಇಂಗ್ಲಿಷ್ ಓದಿರುತ್ತೆ, ನಿರೀಕ್ಷೆಯೂ ಬೆಳೆದಿರುತ್ತೆ.

ಬದಲಾವಣೆ ಆಗಿಲ್ಲ ಅಂತಲ್ಲ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯೋ ಅವಧಿ 20 ವಾರಕ್ಕೆ ಏರಿತು. 2023-24ರಲ್ಲಿ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಪ್ರಾಯೋಗಿಕವಾಗಿ ಶುರುವಾಯಿತು. ವಿಷಯ, ಬೋಧನೆ ಎರಡೂ ಒಟ್ಟಿಗೆ. ಹೊಸದು ಅನ್ನಿಸಬಹುದು. ಆದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ಹುಟ್ಟಿದ್ದೇ ಇಂಥ ನಾಲ್ಕು ವರ್ಷದ ಕೋರ್ಸಿನ ಆಲೋಚನೆಯಿಂದ.

ಪ್ರಭು ಅವರೇ 1990ರಲ್ಲಿ ಒಂದು ಲೇಖನದಲ್ಲಿ, ಎಲ್ಲರಿಗೂ ಹೊಂದುವ ಒಂದೇ ಶ್ರೇಷ್ಠ ವಿಧಾನ ಅಂತ ಇಲ್ಲ ಅಂದರು. ಕಲಿಕೆ ಹೇಗಾಗುತ್ತೆ ಅನ್ನೋದರ ಬಗ್ಗೆ ಶಿಕ್ಷಕರಿಗೆ ತಮ್ಮದೇ ಆದ ನಂಬಿಕೆ ಇರಬೇಕು, ಅದು ಜೀವಂತವಾಗಿರಬೇಕು ಅನ್ನೋದು ಅವರ ವಾದ. ಅಂಥ ನಂಬಿಕೆ ಬೆಳೆಯಬೇಕಾದರೆ ಭಾಷೆ ಮೊದಲು ಸ್ವಂತದ್ದಾಗಬೇಕು.

ನೀವು ಬಿ.ಎಡ್. ಅಥವಾ ಡಿ.ಎಡ್. ಓದ್ತಿದ್ದರೆ ಒಂದು ಲೆಕ್ಕ ಹಾಕಿ. ಈ ವಾರ ಪಾಠಯೋಜನೆಯ ರೆಕಾರ್ಡ್ ಬರೆಯೋಕೆ ಎಷ್ಟು ಗಂಟೆ ಹೋಯಿತು, ಇಂಗ್ಲಿಷಿನಲ್ಲಿ ಮಾತಾಡೋಕೆ ಎಷ್ಟು ಸಿಕ್ಕಿತು? ಉತ್ತರವನ್ನು ನಮಗೆ ವಾಯ್ಸ್ ಮೆಸೇಜ್ ಮಾಡಿ. ಕನ್ನಡದಲ್ಲಾದರೂ ಸರಿ, ತಡವರಿಸುತ್ತಾ ಇಂಗ್ಲಿಷಿನಲ್ಲಾದರೂ ಸರಿ. ಮುಂದಿನ ಕಂತಿನಲ್ಲಿ ಸಿಗೋಣ.