ಪಂಚೆಯ ಒಳಗಿನ ಅರಿವೆ: ಹೊಸೂರು–ಕೃಷ್ಣಗಿರಿ ಸೀಮೆಯ ಗಂಡಸರ ಒಳ ಉಡುಪಿನ ಚರಿತ್ರೆ

ಉಡುಪಿನ ಚರಿತ್ರೆಯನ್ನು ಬರೆದವರು ಕಿರೀಟದಿಂದ ಮೊದಲುಮಾಡಿ ಪಾದರಕ್ಷೆಯವರೆಗೆ ಎಲ್ಲವನ್ನೂ ವರ್ಣಿಸಿದ್ದಾರೆ. ಪೇಟದ ಸುತ್ತು, ಶಲ್ಯದ ಅಂಚು, ಜರತಾರಿಯ ಬೆಡಗು ಇವೆಲ್ಲ ನಮಗೆ ಗ್ರಂಥಗಳಿಂದ ತಿಳಿಯುತ್ತವೆ. ಆದರೆ ಪಂಚೆಯ ಒಳಗೆ ಗಂಡಸರು ಏನನ್ನು ಧರಿಸುತ್ತಿದ್ದರೆಂಬ ಪ್ರಶ್ನೆ ಬಂದೊಡನೆ ಲೇಖನಿ ನಾಚಿ ನಿಲ್ಲುತ್ತದೆ. ಇದು ನಗೆಯ ವಿಷಯವೆಂದು ವಾಚಕರು ಭಾವಿಸಬಾರದು. ಹೊಲದಲ್ಲಿ ಬೆವರು ಸುರಿಸಿದ ಲಕ್ಷಾಂತರ ಮಂದಿಗೆ ಮೈಮೇಲಿದ್ದ ಉಡುಪೆಂದರೆ ಬಹುಕಾಲ ಇದೊಂದೇ ಆಗಿತ್ತು. ಪೀತಾಂಬರದ ಚರಿತ್ರೆ ಕೆಲವರದು, ಲಂಗೋಟಿಯ ಚರಿತ್ರೆ ಬಹುಜನರದು. ಕನ್ನಡ, ತೆಲುಗು, ತಮಿಳು ಮೂರೂ ಕೂಡುವ ನಮ್ಮ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ಥೂಲವಾಗಿ ವಿವೇಚಿಸುವುದು ನಮ್ಮ ಉದ್ದೇಶ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಪಂಚೆಯನ್ನು ಉಡುವ ಕ್ರಮ ಎರಡು ಬಗೆ. ಬಟ್ಟೆಯ ತುದಿಯನ್ನು ಕಾಲುಗಳ ನಡುವೆ ತೆಗೆದು ಹಿಂದೆ ಸಿಕ್ಕಿಸುವುದು ಕಚ್ಚೆ. ಸುಮ್ಮನೆ ಸೊಂಟಕ್ಕೆ ಸುತ್ತಿ ಬಿಗಿಯುವುದು ಅಡ್ಡಪಂಚೆ. ಕಚ್ಚೆ ಹಾಕಿದವನಿಗೆ ಒಳ ಉಡುಪು ಬೇರೆ ಬೇಕೆಂದಿಲ್ಲ. ಅದೇ ಹೊರ ಉಡುಪು, ಅದೇ ಒಳ ಉಡುಪು. ಕುದುರೆ ಏರುವುದಕ್ಕೂ ಓಡುವುದಕ್ಕೂ ಹೋರಾಡುವುದಕ್ಕೂ ಅದು ಅನುಕೂಲ. ನಮ್ಮ ಜಿಲ್ಲೆಯ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ, ಹೋರಾಡಿ ಮಡಿದ ವೀರರು ಬಟ್ಟೆಯನ್ನು ಸೊಂಟಕ್ಕೆ ಬಿಗಿದು ತುದಿಯನ್ನು ಇಳಿಬಿಟ್ಟಿರುವುದು ಕಾಣುತ್ತದೆ. ಕೆಲಸಕ್ಕೆ ಸಿದ್ಧನಾಗುವುದಕ್ಕೆ ‘ಕಚ್ಚೆ ಕಟ್ಟು’, ‘ಟೊಂಕ ಕಟ್ಟು’ ಎಂದು ಕನ್ನಡವು ಹೇಳುವುದು, ಶೀಲಗೆಟ್ಟವನನ್ನು ‘ಕಚ್ಚೆಹರುಕ’ ಎಂದು ಹಳಿಯುವುದು, ಇವು ಈ ಉಡುಪಿನಿಂದಲೇ ಹುಟ್ಟಿದ ಮಾತುಗಳು. ಶೌರ್ಯಕ್ಕೂ ಶೀಲಕ್ಕೂ ಒಂದೇ ಬಟ್ಟೆಯ ಗಂಟನ್ನು ನಮ್ಮ ಹಿರಿಯರು ಸಾಕ್ಷಿಯಾಗಿಟ್ಟರು.

ಅಡ್ಡಪಂಚೆಯವನ ಪಾಡು ಬೇರೆ. ಗಾಳಿ ಬೀಸಿದರೆ, ಮರ ಹತ್ತಿದರೆ, ಕೆಸರಿಗಿಳಿಯಲು ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದರೆ ಒಳಗೊಂದು ಅರಿವೆ ಇರಲೇಬೇಕು. ಅದೇ ಲಂಗೋಟಿ. ಒಂದು ಗೇಣು ಅಗಲ, ಎರಡು ಎರಡೂವರೆ ಮೊಳ ಉದ್ದದ ತುಂಡು. ಸೊಂಟದ ಉಡುದಾರಕ್ಕೆ ಮುಂದೊಮ್ಮೆ ಹಿಂದೊಮ್ಮೆ ಸಿಕ್ಕಿಸಿದರೆ ಮುಗಿಯಿತು. ಹೊಲಿಗೆಯಿಲ್ಲ, ಗುಂಡಿಯಿಲ್ಲ, ದರ್ಜಿಯ ಹಂಗಿಲ್ಲ. ಮಗುವಿಗೆ ಕಟ್ಟುವ ಉಡುದಾರವು ದೃಷ್ಟಿ ನಿವಾರಣೆಗೆಂದು ಹೇಳುವುದುಂಟು. ಬೆಳೆದ ಮೇಲೆ ಅದು ಲಂಗೋಟಿಗೆ ಆಧಾರವೂ ಆಗುತ್ತಿತ್ತು. ಉಳ್ಳವರ ಮನೆಯಲ್ಲಿ ಅದು ಬೆಳ್ಳಿಯ ನೇವಳ, ಇಲ್ಲದವರಲ್ಲಿ ಕರಿಯ ನೂಲು. ಅದನ್ನೇ ತಮಿಳರು ಅರೈಞಾಣ್ ಎಂದೂ ತೆಲುಗರು ಮೊಲತಾಡು ಎಂದೂ ಕರೆಯುತ್ತಾರೆ. ಲಂಗೋಟಿಗೂ ಹೀಗೆಯೇ ಹೆಸರು ಹಲವು. ತಮಿಳಿನಲ್ಲಿ ಕೋವಣಂ, ಆಡುಮಾತಿನಲ್ಲಿ ಕೋಮಣಂ, ತೆಲುಗಿನಲ್ಲಿ ಗೋಚಿ, ಕನ್ನಡದಲ್ಲಿ ಕೋವಣ, ಗೋವಣ ಎಂಬ ರೂಪಗಳುಂಟು. ಸಂಸ್ಕೃತದ ಕೌಪೀನಕ್ಕೂ ಇವಕ್ಕೂ ಇರುವ ಧ್ವನಿಸಾಮ್ಯ ಎದ್ದು ಕಾಣುತ್ತದೆ. ಲಂಗೋಟಿ ಎಂಬುದು ಉತ್ತರದ ಭಾಷೆಗಳಿಂದ ಬಂದ ಮಾತು. ‘ಲಿಂಗಪಟ್ಟ’ ಅದರ ಮೂಲವೆಂದು ವಿದ್ವಾಂಸರು ಹೇಳುತ್ತಾರೆ.

ಈ ಕಿರಿದಾದ ತುಂಡಿಗೆ ನಮ್ಮ ಧರ್ಮಗಳಲ್ಲಿ ದೊರೆತ ಸ್ಥಾನ ಹಿರಿದು. ಉಪನಯನದ ವಟುವಿಗೆ ಮೌಂಜಿಯೊಡನೆ ಕೌಪೀನವನ್ನು ಕೊಡುತ್ತಾರೆ. ಸಂನ್ಯಾಸಿಗೆ ಉಳಿಯುವ ಆಸ್ತಿಯಲ್ಲಿಯೂ ಅದು ಸೇರಿದೆ. ನೊಳಂಬರ ಕಾಲದಲ್ಲಿ ನಮ್ಮ ನೆರೆಯ ತಗಡೂರು, ಎಂದರೆ ಈಗಿನ ಧರ್ಮಪುರಿ, ಜೈನರ ನೆಲೆಯಾಗಿತ್ತು. ದಿಗಂಬರ ಸಂಪ್ರದಾಯದಲ್ಲಿ ಕ್ಷುಲ್ಲಕನಿಗೆ ಲಂಗೋಟಿಯೂ ಮೇಲೊಂದು ಚಿಕ್ಕ ವಸ್ತ್ರವೂ ಉಂಟು, ಐಲಕನಿಗೆ ಲಂಗೋಟಿಯೊಂದೇ, ಮುನಿಯಾದವನು ಅದನ್ನೂ ತ್ಯಜಿಸುತ್ತಾನೆ. ಮನುಷ್ಯನು ಲೋಕದೊಡನೆ ಇಟ್ಟುಕೊಂಡ ಕೊನೆಯ ನಂಟು ಆ ಗೇಣಗಲದ ಬಟ್ಟೆಯೆಂದಾಯಿತು. ಪಳನಿಯ ಬೆಟ್ಟದ ಮೇಲಿನ ದಂಡಾಯುಧಪಾಣಿಯೂ ಕೌಪೀನಧಾರಿಯೇ.

ಅರುವತ್ತುಮೂವರು ಪುರಾತನರಲ್ಲಿ ಒಬ್ಬನಾದ ಅಮರನೀತಿಯ ಕಥೆಯನ್ನು ಇಲ್ಲಿ ನೆನೆಯದಿರಲಾಗದು. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರನು ಪೆರಿಯ ಪುರಾಣದಲ್ಲಿ ಇದನ್ನು ವಿಸ್ತರಿಸಿದ್ದಾನೆ. ಅಮರನೀತಿ ಬಟ್ಟೆಯ ವರ್ತಕ. ಶಿವಭಕ್ತರಿಗೆ ಕೋವಣಗಳನ್ನು ದಾನಮಾಡುವುದು ಅವನ ವ್ರತ. ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು ತನ್ನ ಕೋವಣವೊಂದನ್ನು ಅವನಲ್ಲಿ ಇಟ್ಟು ಹೋಗಿ, ಅದು ಮಾಯವಾಗುವಂತೆ ಮಾಡಿ, ಬಂದು ಕೇಳುತ್ತಾನೆ. ತನ್ನಲ್ಲಿದ್ದ ಇನ್ನೊಂದು ಕೋವಣವನ್ನು ತಕ್ಕಡಿಯಲ್ಲಿಟ್ಟು, ಅದರ ತೂಕದಷ್ಟು ಕೊಟ್ಟರೆ ಸಾಕೆನ್ನುತ್ತಾನೆ. ಅಂಗಡಿಯ ಬಟ್ಟೆಯೆಲ್ಲ ಹೇರಿದರೂ, ಚಿನ್ನ ಬೆಳ್ಳಿ ಸುರಿದರೂ ತಕ್ಕಡಿ ಏಳಲಿಲ್ಲ. ಕಡೆಗೆ ವರ್ತಕನು ಹೆಂಡತಿ ಮಗನೊಡನೆ ತಾನೇ ತಕ್ಕಡಿಯನ್ನೇರಿದಾಗ ಸಮತೂಕವಾಯಿತು. ಭಕ್ತಿಯ ಮಾತು ಹಾಗಿರಲಿ. ಬಡವನ ಮಾನದ ತೂಕವೆಷ್ಟೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಯನ್ನು ನಾವು ಕಾಣೆವು.

ಪುರಾಣದಿಂದ ಹೊಲಕ್ಕೆ ಬರೋಣ. ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆಗಳು ರಾಗಿಯ ಸೀಮೆ. ವಿದ್ಯುತ್ ಪಂಪುಗಳು ಬರುವ ಮೊದಲು ಏತದಿಂದಲೂ ಕಪಿಲೆಯಿಂದಲೂ ಬಾವಿಯ ನೀರನ್ನೆತ್ತುತ್ತಿದ್ದರು. ಏತದ ಮರದ ಮೇಲೆ ಮುಂದಕ್ಕೂ ಹಿಂದಕ್ಕೂ ನಡೆಯುವವನಿಗೆ ಜೋಲಾಡುವ ಪಂಚೆಯೆಂದರೆ ಪ್ರಾಣಕ್ಕೇ ಅಪಾಯ. ಲಂಗೋಟಿಯೇ ಅವನ ಕೆಲಸದ ಉಡುಪು. ಬಟ್ಟೆಯ ಮಿತವ್ಯಯವೂ ಇಲ್ಲಿ ಸೇರಿತ್ತು. ಪಂಚೆ ಹಳತಾದರೆ ಹರಿದು ತುಂಡುಮಾಡಿ ಲಂಗೋಟಿ, ಲಂಗೋಟಿ ಸವೆದರೆ ಒರಸುವ ಬಟ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆ ದುರ್ಲಭವಾಗಿ, 1943ರಲ್ಲಿ ಸರ್ಕಾರವು ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆಯನ್ನು ಹೊರಡಿಸಬೇಕಾಯಿತು. ಅಂಥ ದಿನಗಳಲ್ಲಿ ಬಡವನಿಗೆ ಲಂಗೋಟಿ ವೈರಾಗ್ಯದ ಗುರುತಲ್ಲ, ಗತಿಯಿಲ್ಲದ ಗುರುತು. ಗಾಂಧೀಜಿಯವರು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಮೇಲುಡುಗೆಯನ್ನು ಬಿಟ್ಟು ತುಂಡುಬಟ್ಟೆಯನ್ನು ಉಟ್ಟಿದ್ದು ಈ ಗತಿಯಿಲ್ಲದವರನ್ನು ಕಂಡೇ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಗವರ್ನರ್ ಜನರಲ್ ಪದವಿಗೇರಿದಾಗಲೂ ಪಂಚೆಯನ್ನು ಬಿಡಲಿಲ್ಲ.

ಹೊಲಿದ ಒಳ ಉಡುಪು ನಮ್ಮಲ್ಲಿ ಇರಲೇ ಇಲ್ಲವೆಂದು ತಿಳಿಯಬಾರದು. ಜಟ್ಟಿಗಳೂ ಭಟರೂ ತೊಡುತ್ತಿದ್ದ ಚಲ್ಲಣ ಹಳೆಯ ಮಾತು. ಚಣ್ಣ, ಚಡ್ಡಿ ಅದರ ನೆಂಟರು. ಆದರೆ ಪಂಚೆ ಲುಂಗಿಗಳ ಒಳಗೆ ತೊಡಲು ಒಕ್ಕಲು ಮಕ್ಕಳಿಗೆ ಒಗ್ಗಿ ಬಂದದ್ದು ಪಟಾಪಟಿ ಚಡ್ಡಿ. ತಮಿಳರೂ ಇದನ್ನು ಪಟ್ಟಾಪಟ್ಟಿ ಎಂದೇ ಕರೆಯುವುದು ಗಡಿಯ ಸೊಗಸು. ಇದರ ಕಟ್ಟಡವನ್ನು ನೋಡಿದರೆ ಒಂದೊಂದಕ್ಕೂ ಕಾರಣವಿದೆ. ಬಟ್ಟೆ ಹತ್ತಿಯದು, ಬೆವರನ್ನು ಹೀರುತ್ತದೆ. ಮೈಮೇಲೆ ಅಗಲವಾದ ಬಣ್ಣದ ಗೀರುಗಳು. ಮಣ್ಣಿನ ಕೊಳೆ ಎದ್ದು ಕಾಣದಿರಲೆಂದು ಹೀಗೆ ಮಾಡಿದಂತೆ ತೋರುತ್ತದೆ. ಸೊಂಟಕ್ಕೆ ಲಾಡಿ, ಹೊಟ್ಟೆ ಹಸಿದಾಗ ಬಿಗಿಯಬಹುದು, ಉಂಡಾಗ ಸಡಿಲಿಸಬಹುದು. ಕಾಲು ಅಗಲ, ತೊಡೆ ಉಜ್ಜದು. ಉದ್ದ ಮೊಣಕಾಲ ಸಮೀಪ. ಪಂಚೆಯನ್ನು ಎತ್ತಿ ಕಟ್ಟಿದರೂ ಮಾನಕ್ಕೆ ಕುಂದಿಲ್ಲ, ಪಂಚೆಯನ್ನು ಕಳಚಿ ಗದ್ದೆಗಿಳಿದರೂ ಅದೇ ಉಡುಪು. ಪಂಚೆಗೆ ಜೇಬಿಲ್ಲದ ಕೊರತೆಯನ್ನು ಈ ಚಡ್ಡಿಯ ಆಳವಾದ ಜೇಬು ತೀರಿಸಿತು. ಸಂತೆಯಲ್ಲಿ ರಾಸು ಮಾರಿದ ಹಣಕ್ಕೆ ಇದಕ್ಕಿಂತ ಭದ್ರವಾದ ಖಜಾನೆ ಯಾವುದು?

ಉಡುಗೆಯಂಥ ಉಡುಪನ್ನು ಗಂಡಸರು ಉಡುವ ನಾಡು ನಮ್ಮದೊಂದೇ ಅಲ್ಲ. ಸ್ಕಾಟ್ಲೆಂಡಿನ ಮಲೆನಾಡಿಗರ ಕಿಲ್ಟ್ ಲೋಕಪ್ರಸಿದ್ಧ. 1791ರಲ್ಲಿ ಹೊಸೂರು, ರಾಯಕೋಟೆಗಳು ಟಿಪ್ಪುಸುಲ್ತಾನನ ಕೈಬಿಟ್ಟು ಕಂಪನಿಯ ವಶವಾದ ಯುದ್ಧದಲ್ಲಿ ಆ ಮಲೆನಾಡಿನ ರೆಜಿಮೆಂಟುಗಳೂ ಕಂಪನಿಯ ಪರವಾಗಿ ಕಾದಿದವು. ಹಿಂದೆ ಆ ಜನ ಉದ್ದನೆಯ ಅಂಗಿಯ ಮೇಲೆ ಕಂಬಳಿಯನ್ನು ಮಡಿಸಿ ಸುತ್ತುತ್ತಿದ್ದರು. ಅಂಗಿಯ ಕೆಳತುದಿಯೇ ಒಳ ಉಡುಪಿನ ಕೆಲಸವನ್ನು ಮಾಡುತ್ತಿತ್ತು. ಕಿಲ್ಟಿನೊಳಗೆ ಏನಿದೆಯೆಂಬ ಪ್ರಶ್ನೆ ಅಲ್ಲಿ ಇಂದಿಗೂ ವಿನೋದದ ವಸ್ತು. ಆದರೆ ಅದೇ ಉಡುಪಿಗಾಗಿ ಅವರು ಪಟ್ಟ ಕಷ್ಟ ವಿನೋದವಲ್ಲ. 1746ರ ಕಾಯಿದೆಯಿಂದ ಬ್ರಿಟಿಷ್ ಸರ್ಕಾರವು ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಆ ಉಡುಪನ್ನು ಧರಿಸಕೂಡದೆಂದು ನಿಷೇಧಿಸಿತು. 1782ರವರೆಗೆ ಆ ನಿಷೇಧ ತೆರವಾಗಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಪ್ರಸಂಗ ಬಂದಿತು. 2014ರ ಜುಲೈನಲ್ಲಿ ಚೆನ್ನೈಯ ಕ್ಲಬ್ಬೊಂದು ವೇಷ್ಟಿ ಉಟ್ಟ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ಅದರ ಫಲವಾಗಿ ಅದೇ ವರ್ಷ ಆಗಸ್ಟಿನಲ್ಲಿ ತಮಿಳುನಾಡಿನ ವಿಧಾನಸಭೆ ಉಡುಪಿನ ನೆಪದಿಂದ ಸಾರ್ವಜನಿಕ ಸ್ಥಳಗಳಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂದು ಕಾಯಿದೆ ಮಾಡಿತು. ಗಡಿಯಾಚೆ ಬೆಂಗಳೂರಿನಲ್ಲಿಯೂ 2024ರ ಜುಲೈನಲ್ಲಿ ಪಂಚೆಯುಟ್ಟ ವೃದ್ಧ ರೈತರೊಬ್ಬರನ್ನು ಮಾಲೊಂದರ ಬಾಗಿಲಲ್ಲಿ ತಡೆದಾಗ, ಸರ್ಕಾರ ಆ ಮಾಲನ್ನು ಮುಚ್ಚಿಸಬೇಕಾಯಿತು. ನ್ಯಾಯಮೂರ್ತಿಗೂ ರೈತನಿಗೂ ಒಂದೇ ಅವಮಾನ! ಪಂಚೆಯವನ ಮಾನವನ್ನು ಕಾಯುವುದಕ್ಕೆ ಲಂಗೋಟಿ ಸಾಲದು, ಕಾನೂನೂ ಬೇಕೆಂಬ ಕಾಲ ಬಂದಿದೆ.

ಇನ್ನು ಬದಲಾವಣೆಯ ಮಾತು. 1970ರ ದಶಕದಲ್ಲಿ ಹೊಸೂರಿನಲ್ಲಿ ಕೈಗಾರಿಕಾ ವಸಾಹತು ಏರ್ಪಟ್ಟು ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಬಂದವು. ಯಂತ್ರದ ಮುಂದೆ ನಿಲ್ಲುವವನಿಗೆ ಷರಾಯಿ ಅನಿವಾರ್ಯ. ಷರಾಯಿಯೊಳಗೆ ಅಗಲ ಕಾಲಿನ ಪಟಾಪಟಿ ಮುದುಡಿ ಮುದ್ದೆಯಾಗುತ್ತದೆ. ಅದಕ್ಕೆ ತಕ್ಕದ್ದು ಮೈಗಂಟುವ ಹೆಣಿಗೆಯ ಬಟ್ಟೆ. ಅಮೆರಿಕದ ಚಿಕಾಗೋ ನಗರದ ಅಂಗಡಿಯಲ್ಲಿ 1935ರ ಜನವರಿ 19ರಂದು ಮೊದಲು ಮಾರಾಟವಾದ ಜಾಕಿ ಚಡ್ಡಿ, ಬೆಂಗಳೂರಿನ ಕಂಪೆನಿಯೊಂದರ ಮೂಲಕ 1990ರ ದಶಕದಲ್ಲಿ ನಮ್ಮ ಪೇಟೆಗೆ ಬಂದಿತು. ಅದಕ್ಕೂ ಮೊದಲೇ ತಿರುಪ್ಪೂರಿನ ಹೆಣಿಗೆಯ ಬಟ್ಟೆ ಎಲ್ಲೆಡೆ ಹರಡಿತ್ತು. ಇತ್ತ ನಮ್ಮ ‘ಚಡ್ಡಿ’ಯೂ ಕಡಲು ದಾಟಿ, 2019ರಲ್ಲಿ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಚಡ್ಡೀಸ್’ ಎಂಬ ರೂಪದಿಂದ ಸ್ಥಾನ ಪಡೆಯಿತು.

ಆದರೆ ಹೊಸತೆಲ್ಲ ಸುಖಕರವೆನ್ನಲಾಗದು. ನಮ್ಮಂಥ ಸೆಕೆಯ ದೇಶದಲ್ಲಿ ಬಿಗಿಯಾದ, ಬೆವರು ಆರದ ಉಡುಪು ತೊಡೆಸಂದಿನ ಗಜಕರ್ಣಕ್ಕೆ ಆಹ್ವಾನ. ಇತ್ತೀಚಿನ ವರ್ಷಗಳಲ್ಲಿ ಈ ಬೂಷ್ಟಿನ ರೋಗ ಭಾರತದಲ್ಲಿ ಮೊಂಡಾಗಿ ಹಬ್ಬಿದೆ. ಮದ್ದಿಗೆ ಸುಲಭವಾಗಿ ಬಗ್ಗದ ಅದರ ಒಂದು ಬಗೆಗೆ 2020ರಲ್ಲಿ ವಿಜ್ಞಾನಿಗಳು ನಮ್ಮ ದೇಶದ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದ್ದಾರೆ. ಸಡಿಲವಾದ ಹತ್ತಿಯ ಬಟ್ಟೆಯನ್ನು ತೊಡಿ, ದಿನವೂ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಬ್ಬರದನ್ನು ಇನ್ನೊಬ್ಬರು ತೊಡಬೇಡಿ, ಕಂಡ ಮುಲಾಮನ್ನು ಕೊಂಡು ಹಚ್ಚಬೇಡಿ ಎಂದು ವೈದ್ಯರು ಹೇಳುತ್ತಾರೆ. ಮೊದಲಿನ ಮಾತನ್ನು ಪಟಾಪಟಿ ಚಡ್ಡಿ ಯಾರೂ ಹೇಳದೆಯೇ ಪಾಲಿಸಿತ್ತು. ಎರಡನೆಯದಕ್ಕೆ ನಾಚಿಕೆಯೇ ಅಡ್ಡಿ. ಒಳ ಉಡುಪನ್ನು ಬೇರೆ ಬಟ್ಟೆಯ ಮರೆಯಲ್ಲಿ, ನೆರಳಿನಲ್ಲಿ, ಅರೆಒದ್ದೆಯಾಗಿ ಒಣಗಿಸುವ ವಾಡಿಕೆ ಮರ್ಯಾದೆಯೆನಿಸಿ ರೋಗವನ್ನು ಸಾಕುತ್ತಿದೆ. ಶಾಲೆಯಲ್ಲಿ ಆರೋಗ್ಯಪಾಠ ಹೇಳುವ ನಾವು ಈ ವಿಷಯವನ್ನು ದಾಟಿ ಹೋಗುವುದು ತರವಲ್ಲ.

ಕಡೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮನೆಮಾತಿನ ಪದಗಳು ಶಾಲೆಯ ಪುಸ್ತಕಕ್ಕೆ ಬರುವುದು ಅಪೂರ್ವವಾಯಿತು. ಉಡುದಾರ, ನೇವಳ, ಕೋವಣ, ಚಲ್ಲಣ, ಲಾಡಿ ಎಂಬ ಪದಗಳನ್ನು ಇಂದಿನ ಎಷ್ಟು ಮಕ್ಕಳು ಬಲ್ಲರು? ದೊಡ್ಡ ಪದಗಳನ್ನು ನಿಘಂಟುಗಳು ಕಾಯುತ್ತವೆ. ಇಂಥ ಸಣ್ಣ ಪದಗಳನ್ನು ಕಾಯುವವರು ಮನೆಯ ಅಜ್ಜಂದಿರು. ಏತ ತುಳಿದ ಕಾಲುಗಳೂ ಸಂತೆಯಲ್ಲಿ ಚಡ್ಡಿ ಹೊಲಿದ ಕೈಗಳೂ ಇನ್ನೂ ಕೆಲವು ಊರುಗಳಲ್ಲಿ ಉಳಿದಿವೆ. ಒಂದೊಂದು ಶಾಲೆಯವರು ತಮ್ಮ ಊರಿನ ಹಿರಿಯರನ್ನು ಕಂಡು, ಮೂರು ಭಾಷೆಗಳಲ್ಲಿಯೂ ಈ ಹೆಸರುಗಳನ್ನು ಕೇಳಿ ಬರೆದುಕೊಂಡರೆ ಮುಂದಿನ ಸಂಶೋಧಕರಿಗೆ ದೊಡ್ಡ ಉಪಕಾರವಾದೀತು. ಕೇಳುವವರು ನಗದೆ ಕೇಳಿದರೆ ಹೇಳುವವರು ನಾಚದೆ ಹೇಳುತ್ತಾರೆ.