ದುಡಿಯುವ ಬೆಟ್ಟ, ಪ್ರಾರ್ಥಿಸುವ ಬೆಟ್ಟ: ಲಿಯೋನ್ ನಗರದ ದೀಪಗಳು

ಧರ್ಮಸಭೆಯ ಇತಿಹಾಸವನ್ನು ಬೋಧಿಸುವಾಗ ಫ್ರಾನ್ಸಿನ ಲಿಯೋನ್ ನಗರವನ್ನು ನಾವು ರಕ್ತಸಾಕ್ಷಿಗಳಿಂದ ಆರಂಭಿಸಿ ಮಹಾಸಭೆಗಳಲ್ಲಿ ಮುಗಿಸಿಬಿಡುತ್ತೇವೆ. ಕ್ರಿ.ಶ. 177ರಲ್ಲಿ ವೃದ್ಧ ಧರ್ಮಾಧ್ಯಕ್ಷ ಪೊಥಿನುಸ್ ಮತ್ತು ದಾಸಿ ಬ್ಲಾಂದಿನಾ ಪ್ರಾಣತೆತ್ತರು. ಬಳಿಕ ಸಂತ ಇರೆನೇಯುಸ್ ಅಲ್ಲಿನ ಧರ್ಮಾಧ್ಯಕ್ಷರಾದರು. 1245 ಮತ್ತು 1274ರಲ್ಲಿ ಮಹಾಸಭೆಗಳು ಸೇರಿದವು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ನಗರದ ಹಬ್ಬವನ್ನೂ ಅದನ್ನು ಆಚರಿಸಿದ ಜನರನ್ನೂ ಅರಿಯದೆ ನಮ್ಮ ನಾಡಿನ ಧರ್ಮಸಭೆಯ ಇತಿಹಾಸವೂ ಪೂರ್ಣವಾಗಿ ತಿಳಿಯದು ಎಂಬುದು ನಮ್ಮ ಅಭಿಪ್ರಾಯ.

ಕುಂದಾಣದ ಸುತ್ತಿನ ಹಿಪ್ಪುನೇರಳೆ ತೋಟಗಳನ್ನೂ ರೇಷ್ಮೆಹುಳು ಸಾಕುವ ಮನೆಗಳನ್ನೂ ಕಂಡವರಿಗೆ ಲಿಯೋನ್ ತೀರ ಪರಕೀಯವೆನಿಸದು. ಅದು ರೇಷ್ಮೆಯ ನಗರ. ಇಲ್ಲಿಗೆ ಸಮೀಪದ ದೊಡ್ಡಬಳ್ಳಾಪುರದಲ್ಲಿ ಸೀರೆಗೆ ವಿನ್ಯಾಸ ಮೂಡಿಸುವ ಜಕಾರ್ಡ್ ಮಗ್ಗಕ್ಕೆ ಆ ಹೆಸರು ಬಂದದ್ದೇ ಲಿಯೋನಿನ ಜೋಸೆಫ್ ಮರಿ ಜಕಾರ್‌ನಿಂದ. ಅಂಥ ಎತ್ತರದ ಮಗ್ಗಗಳು ಹಿಡಿಸುವಂತೆ ಕ್ರ್ವಾ-ರೂಸ್ ಬೆಟ್ಟದ ಮೇಲೆ ನೇಕಾರರ ಮನೆಗಳ ಚಾವಣಿಯನ್ನು ಎತ್ತರಿಸಿ ಕಟ್ಟಿದರು. ಸೋನ್ ನದಿಯ ಆಚೆಗೆ ಫುರ್ವಿಯೇರ್ ಬೆಟ್ಟವಿದೆ. ಅದರ ಮೇಲೆ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರ. ಒಂದು ದುಡಿಯುವ ಬೆಟ್ಟ, ಇನ್ನೊಂದು ಪ್ರಾರ್ಥಿಸುವ ಬೆಟ್ಟ ಎಂಬುದು ಅಲ್ಲಿನ ರೂಢಿಯ ಮಾತು. ನ್ಯಾಯವಾದ ಕೂಲಿಗಾಗಿ ನೇಕಾರರು 1831ರಲ್ಲಿ ದಂಗೆಯೆದ್ದರು, 1834ರಲ್ಲಿ ಮತ್ತೆ ಎದ್ದಾಗ ಸೈನ್ಯ ರಕ್ತ ಹರಿಸಿ ಅಡಗಿಸಿತು. ಎರಡು ಬೆಟ್ಟಗಳ ನಡುವೆ ಹರಿಯುತ್ತಿದ್ದುದು ನದಿಯೊಂದೇ ಅಲ್ಲ.

ಈ ಎರಡನ್ನೂ ಒಂದುಗೂಡಿಸಲು ಹೆಣಗಿದವರು ರೇಷ್ಮೆ ವ್ಯಾಪಾರಿಯ ಮಗಳು ಪೌಲಿನ್ ಜಾರಿಕೊ. ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳಿಂದ ವಾರಕ್ಕೊಂದು ಸೂ ನಾಣ್ಯವನ್ನು ಅವರು ಸಂಗ್ರಹಿಸಿದರು. ಹತ್ತು ಮಂದಿಗೊಬ್ಬ ಮುಖಂಡ, ಅಂಥ ಹತ್ತು ಗುಂಪುಗಳಿಗೆ ಇನ್ನೊಬ್ಬ. ನಮ್ಮ ಮನೆಗಳ ಹಿಡಿಯಕ್ಕಿಯಂಥದೇ ಲೆಕ್ಕ. ಈ ಹಣ ಮೊದಲು ಸಂದದ್ದು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘಕ್ಕೆ. ಮೈಸೂರು ಸೀಮೆಯಲ್ಲಿ ದುಡಿದ ಆಬೆ ದ್ಯುಬ್ವಾ ಮೊದಲಾದ ಫ್ರೆಂಚ್ ಗುರುಗಳು ಆ ಸಂಘದವರೇ. 1822ರಲ್ಲಿ ಲಿಯೋನಿನಲ್ಲಿ ವಿಶ್ವಾಸ ಪ್ರಸಾರ ಸಂಘ ಸ್ಥಾಪನೆಯಾಯಿತು. ಸರಿಯಾಗಿ ನೂರು ವರ್ಷಗಳ ನಂತರ ಅದು ಪೋಪರ ನೇರ ಆಶ್ರಯಕ್ಕೆ ಬಂದಿತು. ಪ್ರತಿವರ್ಷ ಅಕ್ಟೋಬರ್‌ನ ಮಿಷನ್ ಭಾನುವಾರ ನಮ್ಮ ಧರ್ಮಕೇಂದ್ರಗಳಲ್ಲಿ ಎತ್ತುವ ಕಾಣಿಕೆಯ ಮೂಲ ಇದು. ಧರ್ಮಾಧ್ಯಕ್ಷರುಗಳ ಹೆಸರನ್ನು ಕಂಠಪಾಠ ಮಾಡಿಸುವ ನಾವು ಆ ಕೂಲಿಹೆಣ್ಣುಗಳನ್ನು ಒಮ್ಮೆಯಾದರೂ ನೆನೆದದ್ದುಂಟೇ?

ಇನ್ನು ಹಬ್ಬದ ವಿಷಯ. 1643ರಲ್ಲಿ ಪ್ಲೇಗಿಗೆ ಅಂಜಿದ ನಗರದ ಮುಖಂಡರು ಪ್ರತಿವರ್ಷವೂ ಫುರ್ವಿಯೇರಿಗೆ ಯಾತ್ರೆ ಬರುವುದಾಗಿ ಹರಕೆ ಹೊತ್ತಿದ್ದರು. 1852ರಲ್ಲಿ ಅಲ್ಲಿನ ಗಂಟೆಗೋಪುರದ ಮೇಲೆ ಶಿಲ್ಪಿ ಫಾಬಿಷ್ ರೂಪಿಸಿದ ಮಾತೆಯ ಪ್ರತಿಮೆಯನ್ನು ಸ್ಥಾಪಿಸಬೇಕಾಗಿತ್ತು. ಸೆಪ್ಟೆಂಬರ್ 8ಕ್ಕೆ ಗೊತ್ತಾಗಿದ್ದ ಸಮಾರಂಭ ಸೋನ್ ನದಿಯ ಪ್ರವಾಹದಿಂದಾಗಿ ಅಮಲೋದ್ಭವ ಮಾತೆಯ ಹಬ್ಬವಾದ ಡಿಸೆಂಬರ್ 8ಕ್ಕೆ ಮುಂದೆ ಹೋಯಿತು. ಅಂದೂ ಬಿರುಗಾಳಿಯ ಲಕ್ಷಣ ಕಂಡು ಬಾಣಬಿರುಸುಗಳನ್ನು ಕೈಬಿಡುವ ಯೋಚನೆ ನಡೆದಿತ್ತು. ಸಂಜೆ ಆಕಾಶ ತಿಳಿಯಾಯಿತು. ಜನ ಅಪ್ಪಣೆಗೆ ಕಾಯಲಿಲ್ಲ. ಕಿಟಕಿಗಳಲ್ಲಿ ಮೇಣದ ದೀಪಗಳನ್ನಿಟ್ಟು, ಕೀರ್ತನೆ ಹಾಡುತ್ತ ಬೀದಿಗಿಳಿದರು. ಆ ವೇಳೆಗೆ ಜಾರಿಕೊ ಅದೇ ಬೆಟ್ಟದ ಇಳಿಜಾರಿನಲ್ಲಿ ವಾಸವಾಗಿದ್ದರು. ಕಾರ್ಮಿಕರಿಗಾಗಿ ಆದರ್ಶ ಕಾರ್ಖಾನೆಯೊಂದನ್ನು ನಡೆಸಹೋಗಿ ವಂಚನೆಗೊಳಗಾಗಿ ಸಾಲದಲ್ಲಿ ಮುಳುಗಿದ್ದರು. 1862ರಲ್ಲಿ ಕಡುಬಡತನದಲ್ಲಿಯೇ ಕಣ್ಣುಮುಚ್ಚಿದರು. 2022ರಲ್ಲಿ ಲಿಯೋನಿನಲ್ಲಿಯೇ ಅವರನ್ನು ಪುನೀತರೆಂದು ಘೋಷಿಸಲಾಯಿತು.

ಮುಂದೆ ಬೆಟ್ಟದ ಮೇಲೆ ಭವ್ಯ ಬಸಿಲಿಕಾ ಎದ್ದಿತು. 1998ರಲ್ಲಿ ಹಳೆಯ ನಗರ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ದೀಪದ ಹಬ್ಬ ನಾಲ್ಕು ದಿನಗಳ ಬೆಳಕಿನ ಪ್ರದರ್ಶನವಾಗಿ, ಲಕ್ಷಾಂತರ ಪ್ರವಾಸಿಗರನ್ನು ಸೆಳೆಯತೊಡಗಿತು. ಇದನ್ನು ಹಳಿಯುವ ಅಧಿಕಾರ ನಮಗಿಲ್ಲ. ನಮ್ಮ ತೇರಿನ ಹಬ್ಬಗಳಲ್ಲಿಯೂ ವಿದ್ಯುದ್ದೀಪದ ಖರ್ಚು ನವೇನದ ಚಿಂತನೆಗಿಂತ ಹೆಚ್ಚು ಚರ್ಚೆಯಾಗುತ್ತದೆ.

2015ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಉಗ್ರರ ದಾಳಿ ನಡೆಯಿತು. ಆ ವರ್ಷ ಲಿಯೋನಿನ ಆಡಳಿತ ಪ್ರದರ್ಶನವನ್ನು ರದ್ದುಗೊಳಿಸಿ, ಮಡಿದವರ ನೆನಪಿಗೆ ಕಿಟಕಿಗಳಲ್ಲಿ ದೀಪವಿಡುವಂತೆ ಜನರನ್ನು ಕೇಳಿಕೊಂಡಿತು. ಡಿಸೆಂಬರ್ 8ರ ಸಂಜೆ ಎರಡು ಬೆಟ್ಟಗಳ ಮನೆಗಳಲ್ಲಿಯೂ ಮೇಣದ ದೀಪಗಳು ಉರಿದವು.