ಕುಂಟು ಹಡಗು, ಹಳೇ ವಿಮಾನ

ಗೋವಾದಿಂದ ವಾಪಸ್ ಹೊರಟಾಗ ಫ್ಲೈಟಿಗೆ ಇನ್ನೂ ಮೂರು ಗಂಟೆ ಇತ್ತು. ದಾಬೋಲಿಂ ಏರ್‌ಪೋರ್ಟಿಗೆ ಹತ್ತಿರದಲ್ಲೇ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಹೋದೆವು. ಪುಟ್ಟ ಸೀ ಹಾಕ್ ವಿಮಾನ ನೋಡಿ ಗೆಳೆಯ, "ಈ ಡಬ್ಬಾದಲ್ಲಿ ಯುದ್ಧ ಮಾಡಿದ್ರಾ?" ಅಂದ. ನಾನೂ ನಕ್ಕೆ. ಮನೆಗೆ ಬಂದು ಓದಿದ ಮೇಲೆ ನಾಚಿಕೆಯಾಯಿತು.

ಹಾಕರ್ ಕಂಪನಿ ಮಾಡಿದ ಇದರ ಮೂಲಮಾದರಿ ಮೊದಲು ಹಾರಿದ್ದು 1947ರ ಸೆಪ್ಟೆಂಬರ್ 2ರಂದು. ಮೀಟಿಯರ್ ಜೆಟ್ ಇಟ್ಟುಕೊಂಡಿದ್ದ ಬ್ರಿಟಿಷ್ ವಾಯುಪಡೆಗೆ ಇದು ಬೇಡವಾಯಿತು, ನೌಕಾಪಡೆ ಕೈಹಿಡಿಯಿತು. ಇದರಲ್ಲೊಂದು ಜಾಣತನವಿದೆ. ಎಂಜಿನ್ ಒಂದೇ, ಆದರೆ ಅದರ ಬಿಸಿಗಾಳಿ ಬಾಲದ ತುದಿಯಿಂದಲ್ಲ, ಎರಡು ಕವಲಾಗಿ ರೆಕ್ಕೆಗಳ ಬುಡದಿಂದ ಹೊರಬರುತ್ತೆ. ಹಾಗಾಗಿ ಹಿಂಭಾಗದಲ್ಲಿ ಇನ್ನೊಂದು ಇಂಧನದ ಟ್ಯಾಂಕಿಗೆ ಜಾಗ ಸಿಕ್ಕಿತು. ಕಡಲ ಮೇಲೆ ಹಾರುವವನಿಗೆ ಇಂಧನ ಅಂದ್ರೆ ಆಯುಷ್ಯ ತಾನೆ?

1953ರಲ್ಲಿ ಸೇವೆಗೆ ಸೇರಿದ ಇದು 1956ರಲ್ಲಿ ಸೂಯೆಜ್ ಯುದ್ಧ ಕಂಡಿತು. 1960ರ ಹೊತ್ತಿಗೆ ಬ್ರಿಟಿಷರ ಮುಂಚೂಣಿಯಿಂದ ಹೊರಬಿತ್ತು. ಅದೇ ವರ್ಷ ನಮ್ಮ ನೌಕಾಪಡೆಯ 300ನೇ ಸ್ಕ್ವಾಡ್ರನ್ ಇದನ್ನೇ ಹತ್ತಿತು! 1961ರ ಮೇ 18ರಂದು ವಿಕ್ರಾಂತ್ ಹಡಗಿನ ಮೇಲೆ ಮೊದಲ ಜೆಟ್ ಇಳಿಸಿದವರು ಲೆಫ್ಟಿನೆಂಟ್ ತಹಿಲಿಯಾನಿ. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು.

ಹತ್ತು ವರ್ಷ ಕಳೆದು 1971ರ ಯುದ್ಧ ಬಂದಾಗ ವಿಕ್ರಾಂತ್‌ನ ಬಾಯ್ಲರ್ ಒಂದರಲ್ಲಿ ಬಿರುಕು. ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಿದಷ್ಟೂ ವಿಮಾನ ಏರೋದು, ಇಳಿಯೋದು ಸಲೀಸು. ಇಲ್ಲಿ ಹಡಗೇ ಕುಂಟುತ್ತಿತ್ತು. ದಡದಲ್ಲೇ ನಿಲ್ಲಿಸಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೂ ಬಂಗಾಳ ಕೊಲ್ಲಿಗೆ ಕಳಿಸಿದರು. ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಎರಗಿದವು. ಬಂದರು, ವಿಮಾನ ನಿಲ್ದಾಣ, ಹಡಗು ಯಾವುದನ್ನೂ ಬಿಡಲಿಲ್ಲ.

ಆಕಾಶದಲ್ಲಿ ಶತ್ರು ಜೆಟ್‌ಗಳು ಎದುರಾಗಲಿಲ್ಲ ಅನ್ನೋದೂ ನಿಜ. ಆದರೆ ನೆಲದಿಂದ ಗುಂಡು ಬರುತ್ತಲೇ ಇತ್ತು. ಅದನ್ನು ದಾಟಿ, ನೀರಿನ ನಡುವೆ ಆ ಕುಂಟು ಹಡಗನ್ನು ಹುಡುಕಿ, ಪುಟ್ಟ ಡೆಕ್ ಮೇಲೆ ಇಳಿಯಬೇಕು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಗೆ ಸಹಿ ಬಿದ್ದಾಗ, ಶತ್ರುವಿನ ಗುಂಡಿಗೆ ಒಂದೂ ಸೀ ಹಾಕ್ ಬಲಿಯಾಗಿರಲಿಲ್ಲ.

ಇದನ್ನೆಲ್ಲ ಗೆಳೆಯನಿಗೆ ಮೆಸೇಜ್ ಮಾಡಿದೆ. ತುಂಬಾ ಹೊತ್ತಾದ ಮೇಲೆ ಉತ್ತರ ಬಂತು: "ಮುಂದಿನ ಸಲ ಹೋದ್ರೆ ಸರಿಯಾಗಿ ನೋಡೋಣ ಕಣೋ."